ಕಿತ್ತೂರಿನ ಬಾಗಿಲು ತೆರೆಯಬೇಕೇ, ಬೇಡವೇ? ಪ್ರೌಢಶಾಲೆಯ ಇತಿಹಾಸ ಮತ್ತು ಕನ್ನಡ ತರಗತಿಗಳಲ್ಲಿ ಪಾತ್ರಾಭಿನಯ

ಸಮಾಜ ವಿಜ್ಞಾನ ಶಿಕ್ಷಕಿ, ಬೆಳಗಾವಿ ಜಿಲ್ಲೆ

ಹತ್ತನೆಯ ತರಗತಿಯಲ್ಲಿ ಬ್ರಿಟಿಷ್ ಆಳ್ವಿಕೆಗೆ ಕರ್ನಾಟಕ ತೋರಿದ ಪ್ರತಿರೋಧದ ಪಾಠ ಬಂದಾಗಲೆಲ್ಲ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಚೆನ್ನಮ್ಮನಾಗಿ ಸೀರೆಯುಟ್ಟು, ರಟ್ಟಿನ ಕತ್ತಿ ಹಿಡಿದು, ಕಪ್ಪ ಕೇಳಲು ಬಂದವನನ್ನು ಝಾಡಿಸುವ ಮಾತುಗಳನ್ನು ಒಪ್ಪಿಸುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅದನ್ನೇ ನಾನು ಹಲವು ವರ್ಷ ಪಾತ್ರಾಭಿನಯವೆಂದು ನಂಬಿ, ಚಟುವಟಿಕೆಯ ಅಂಕಗಳನ್ನೂ ಕೊಟ್ಟಿದ್ದೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ಹಂಗಾದ್ರ ಕಿತ್ತೂರಿನವ್ರು ಕಪ್ಪ ಕೊಡ್ತಾನ ಇರ್ಲಿಲ್ಲೇನ್ರಿ?" ಎಂದು ಕೇಳಿದಳು. ಕೊಡುತ್ತಿದ್ದರು. 1818ರಲ್ಲಿ ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಗೆ ನೆರವಾಗಿತ್ತು. ಅದಾದ ಮೇಲೆ ವಾರ್ಷಿಕ ಕಾಣಿಕೆ ಒಪ್ಪಿಕೊಂಡೇ ಸಂಸ್ಥಾನ ಉಳಿದುಕೊಂಡಿತ್ತು. 1824ರ ಜಗಳ ಹುಟ್ಟಿದ್ದು ಕಪ್ಪದಿಂದಲ್ಲ, ದತ್ತಕದಿಂದ. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ಅವನು ಸಾಯುವ ಮೊದಲು ಸ್ವೀಕರಿಸಿದ್ದನೆಂದು ಹೇಳಲಾದ ದತ್ತುಪುತ್ರನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ, ಅರಮನೆಯ ಖಜಾನೆಗೆ ಮೊಹರು ಹಾಕಿಸಿದ. ಈ ಎಲ್ಲವೂ ಪಾಠಪುಸ್ತಕದ ಒಂದೆರಡು ವಾಕ್ಯಗಳಲ್ಲಿ ಇದ್ದರೂ ರಂಗಭೂಮಿ, ಸಿನಿಮಾಗಳಿಂದ ಮಕ್ಕಳ ಬಾಯಿಗೆ ಬಂದ ಮಾತುಗಳ ಅಬ್ಬರದಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಮಕ್ಕಳು ಇಷ್ಟು ವರ್ಷ ಅಭಿನಯಿಸಿದ್ದು ಇತಿಹಾಸವನ್ನಲ್ಲ, ಒಂದು ನಾಟಕವನ್ನು ಎಂಬುದು ನನಗೆ ಅಂದು ಅರಿವಾಯಿತು.

ಆ ನಂತರ ನಾನು ಮಾತುಗಳನ್ನು ಬರೆದುಕೊಡುವುದನ್ನು ಪೂರ್ತಿ ನಿಲ್ಲಿಸಿದೆ. ಈಗ ಮಾಡುತ್ತಿರುವುದು ಇಷ್ಟು. ಅದು 1824ರ ಅಕ್ಟೋಬರ್ 22ರ ರಾತ್ರಿ. ಬೆಳಗಾದರೆ ಕೋಟೆಯ ಬಾಗಿಲು ತೆರೆಯಬೇಕೇ, ಬೇಡವೇ ಎಂಬುದೊಂದೇ ಪ್ರಶ್ನೆ. ರಾಣಿ, ಸರದಾರರು, ಖಜಾನೆಯ ಲೆಕ್ಕ ಬರೆಯುವವನು, ಬಾಗಿಲು ಕಾಯುವ ಸಿಪಾಯಿ, ಪೇಟೆಯ ವರ್ತಕ, ಆಚೆ ಬದಿಯಲ್ಲಿ ಥ್ಯಾಕರೆ ಮತ್ತು ಅವನ ಸಹಾಯಕ ಅಧಿಕಾರಿಗಳು: ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಡುತ್ತೇನೆ. ಆ ಹೊತ್ತಿಗೆ ಆ ವ್ಯಕ್ತಿಗೆ ಏನು ತಿಳಿದಿತ್ತು, ಯಾವುದರ ಭಯವಿತ್ತು, ಏನನ್ನು ಉಳಿಸಿಕೊಳ್ಳಬೇಕಿತ್ತು ಎಂಬ ಮೂರು ಸಂಗತಿಗಳನ್ನು ಮಾತ್ರ ಅದರಲ್ಲಿ ಬರೆದಿರುತ್ತೇನೆ. ಮುಂದೆ ಏನಾಯಿತು ಎಂಬುದು ಯಾರ ಚೀಟಿಯಲ್ಲೂ ಇರುವುದಿಲ್ಲ. ಪಾತ್ರವಿಲ್ಲದ ಮಕ್ಕಳು ಕಾಲದ ಕಾವಲುಗಾರರು. ಅಂದು ಯಾರಿಗೂ ತಿಳಿದಿರಲು ಸಾಧ್ಯವಿಲ್ಲದ ಮಾತನ್ನು ಯಾರಾದರೂ ಆಡಿದರೆ ಅವರು ಕೈಯೆತ್ತಬೇಕು. ಮೊದಲ ಸಲವೇ ಒಬ್ಬ ಸರದಾರ, "ರಾಯಣ್ಣ ಕಾಡಿನಿಂದ ಹೋರಾಡುತ್ತಾನೆ, ಹೆದರಬೇಡಿ" ಎಂದಾಗ ಮೂರು ಕೈಗಳು ಮೇಲೆದ್ದವು. ಅದು ಕೋಟೆ ಬಿದ್ದು ಕೆಲವು ವರ್ಷಗಳ ನಂತರದ ಮಾತು ಎಂದು ಆ ಮಕ್ಕಳೇ ಪುಸ್ತಕ ತಿರುವಿ ತೋರಿಸಿದರು.

'ಎ' ವಿಭಾಗದವರು ಬಾಗಿಲು ಮುಚ್ಚಿಯೇ ಇಡಬೇಕೆಂದು ತೀರ್ಮಾನಿಸಿದರು. 'ಬಿ' ವಿಭಾಗದವರು ಕೆಲವೇ ಮತಗಳ ಅಂತರದಲ್ಲಿ, ಕಲೆಕ್ಟರನ ತಲೆಯ ಮೇಲಿನ ಅಧಿಕಾರಿಗೆ ಮತ್ತೊಮ್ಮೆ ಪತ್ರ ಬರೆದು ಉತ್ತರ ಬರುವವರೆಗೆ ಬಾಗಿಲು ತೆರೆದಿಡೋಣ ಎಂದರು. ಚೆನ್ನಮ್ಮ ಹಾಗೆ ಮಾಡಲಿಲ್ಲ ಎಂದು ತಿದ್ದುವ ಆತುರ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು; ತಡೆದುಕೊಂಡೆ. ಮರುದಿನ ನಡೆದದ್ದನ್ನು ಹೇಳಿದೆ. ಅಕ್ಟೋಬರ್ 23ರಂದು ಥ್ಯಾಕರೆ ಹತನಾದ, ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು, ಡಿಸೆಂಬರ್ ಆರಂಭದಲ್ಲಿ ಅವರು ಬಿಡುಗಡೆಯಾದರೂ ಕಂಪನಿ ದೊಡ್ಡ ಸೈನ್ಯದೊಡನೆ ಬಂದು ಕೋಟೆಯನ್ನು ಹಿಡಿಯಿತು, ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ರಾಣಿ ತೀರಿಕೊಂಡರು. ಇದೆಲ್ಲವೂ ತಿಳಿದ ಮೇಲೆ 'ಬಿ' ವಿಭಾಗದ ಮಕ್ಕಳು ತಮ್ಮ ತೀರ್ಮಾನವನ್ನು ಬದಲಿಸಲಿಲ್ಲ. ಆದರೆ ಚೆನ್ನಮ್ಮನ ತೀರ್ಮಾನ ಎಷ್ಟು ಕಠಿಣವಾಗಿತ್ತೆಂಬುದು ಅವರಿಗೆ 'ಎ' ವಿಭಾಗದವರಿಗಿಂತ ಹೆಚ್ಚು ಅರ್ಥವಾಗಿತ್ತು ಎಂದು ಅವರ ಬರವಣಿಗೆ ನೋಡಿದಾಗ ನನಗೆ ಅನ್ನಿಸಿತು. (ಸೆರೆಸಿಕ್ಕ ಆ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ ಎಂದು ಹೇಳಿದಾಗ ಒಬ್ಬ ಹುಡುಗ ನಂಬಲೇ ಇಲ್ಲ.)

ಕನ್ನಡ ಭಾಷೆಯ ಶಿಕ್ಷಕರು ಇದನ್ನು ಹೇಗೆ ಮಾಡುತ್ತಿದ್ದೀರಿ? ಕವಿತೆಯಲ್ಲಿ ಕವಿಯ ಮಾತು ಸ್ಥಿರವಾಗಿರುವಾಗ ಮಕ್ಕಳು ತೀರ್ಮಾನಿಸಲು ಉಳಿಯುವುದಾದರೂ ಏನು ಎಂಬುದು ನನಗೆ ತಿಳಿಯಬೇಕಾಗಿದೆ.

ಕನ್ನಡ ಭಾಷಾ ಶಿಕ್ಷಕ, ಉತ್ತರ ಕನ್ನಡ

ಮೇಡಂ, ನಿಮ್ಮ ಕೊನೆಯ ಪ್ರಶ್ನೆಗೆ ನಮ್ಮ ಊರಿನಲ್ಲಿ ತಾಳಮದ್ದಳೆ ಎಂಬ ಉತ್ತರವಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಾಯಿಪಾಠ ಮಾಡಿದ ಸಂಭಾಷಣೆಯೂ ಇಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಚೌಕಟ್ಟನ್ನು ಮೀರದೆ ತಮ್ಮ ಪಾತ್ರದ ಪರವಾಗಿ ಆಗಲೇ ಮಾತು ಕಟ್ಟುತ್ತಾರೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು. ಆದರೂ ಸಾಯುವ ಮೊದಲು ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಹೇಗೆ ಉತ್ತರಿಸುತ್ತಾನೆ ಎಂಬುದು ಪ್ರತಿ ರಾತ್ರಿಯೂ ಬೇರೆ. ಪದ್ಯ ಸ್ಥಿರ, ಅರ್ಥ ಸ್ವತಂತ್ರ. ಕಾವ್ಯವನ್ನು ತರಗತಿಯಲ್ಲಿ ಪಾತ್ರವಾಗಿ ಓದಿಸಲು ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ.

ಹತ್ತನೆಯ ತರಗತಿಯ ಕುಮಾರವ್ಯಾಸನ 'ಕೌರವೇಂದ್ರನ ಕೊಂದೆ ನೀನು' ಪದ್ಯಭಾಗವನ್ನು ನಾನು ಹೀಗೆಯೇ ಮಾಡಿಸುತ್ತೇನೆ. ಒಬ್ಬರು ಷಟ್ಪದಿಯನ್ನು ಓದುತ್ತಾರೆ, ರಾಗ ಬಂದರೆ ಹಾಡುತ್ತಾರೆ. ಅದರ ಬೆನ್ನಿಗೆ ಕೃಷ್ಣನಾದವರು ಆ ಪದ್ಯದ ಮಾತನ್ನು ತಮ್ಮ ಮಾತಿನಲ್ಲಿ ಹಿಗ್ಗಿಸಿ ಕರ್ಣನ ಮುಂದಿಡಬೇಕು. ಪದ್ಯದಲ್ಲಿ ಇಲ್ಲದ ಆಮಿಷವನ್ನು ಒಡ್ಡುವಂತಿಲ್ಲ, ಇರುವ ಆಮಿಷವನ್ನು ಬಿಡುವಂತೆಯೂ ಇಲ್ಲ. ಈ ಒಂದು ಕಟ್ಟುಪಾಡಿನಿಂದ ಮಕ್ಕಳು ಪದ್ಯವನ್ನು ಮೂರು ನಾಲ್ಕು ಸಲ ಬಗೆದು ಓದುತ್ತಾರೆ. ಮೈದುನತನದ ಸಲುಗೆಯಿಂದ ಕೃಷ್ಣ ಕರ್ಣನನ್ನು ರಥದಲ್ಲಿ ತನ್ನ ಬಳಿ ಕೂರಿಸಿಕೊಂಡದ್ದೇಕೆ ಎಂದು ನಾನು ಭಾವಾರ್ಥ ಹೇಳುತ್ತಿದ್ದ ಕಾಲದಲ್ಲಿ ಯಾರೂ ಕೇಳಿದ್ದಿಲ್ಲ. ಪಾತ್ರವಾದ ಹುಡುಗಿಗೆ ತಾನು ಎಲ್ಲಿ ಕೂರಬೇಕೆಂಬ ಪ್ರಶ್ನೆ ಬಂದಾಗ ಆ ಸಾಲು ತಾನಾಗಿ ಬೆಳಗಿತು.

ಕರ್ಣನ ಪಾತ್ರ ಎಲ್ಲಕ್ಕಿಂತ ಕಷ್ಟ. ಕೃಷ್ಣ ಜನ್ಮರಹಸ್ಯ ಹೇಳಿದ ಮೇಲೆ ಅವನು ತಕ್ಷಣ ಉತ್ತರಿಸುವುದಿಲ್ಲ. ಕೊರಳ ನರಗಳು ಉಬ್ಬುತ್ತವೆ, ಕಣ್ಣೀರು ಹರಿಯುತ್ತದೆ. ಆಗ ಅವನು ಮರುಗುವುದು ತನಗಾಗಿಯಲ್ಲ, ಕೌರವನಿಗಾಗಿ. ನಮ್ಮ ಒಬ್ಬ ಹುಡುಗ, ಹೆಚ್ಚು ಮಾತನಾಡದವನು, ಅಲ್ಲಿ ಸುಮಾರು ಅರ್ಧ ನಿಮಿಷ ಸುಮ್ಮನೆ ಕುಳಿತುಬಿಟ್ಟ. ಮಾತು ಮರೆತನೆಂದು ನಾನು ಎಣಿಸಿದೆ. "ಇಲ್ಲ ಸರ್, ಪದ್ಯದಲ್ಲಿ ಇಲ್ಲಿ ಅವನು ಮಾತೇ ಆಡುವುದಿಲ್ಲವಲ್ಲ" ಎಂದ. ಮೂವತ್ತು ಸಲ ಪಾಠ ಮಾಡಿದ ನನಗೆ ಆ ಮೌನ ಅಷ್ಟು ಉದ್ದವೆಂದು ಆವರೆಗೆ ತೋರಿರಲಿಲ್ಲ.

ಇನ್ನೊಂದು ಸಣ್ಣ ಏರ್ಪಾಡನ್ನೂ ಮಾಡುತ್ತೇನೆ. ಕೃಷ್ಣ, ಕರ್ಣರ ನಡುವೆ ಒಂದು ಖಾಲಿ ಕುರ್ಚಿ ಇಡುತ್ತೇನೆ. ಅದು ಆ ದೃಶ್ಯದಲ್ಲಿ ಇಲ್ಲದ ಕೌರವನದು. ಪದ್ಯ ಮುಗಿದ ಮೇಲೆ ಯಾರು ಬೇಕಾದರೂ ಬಂದು ಆ ಕುರ್ಚಿಯಲ್ಲಿ ಕುಳಿತು, ಕೇಳಿಸಿಕೊಂಡದ್ದಕ್ಕೆ ಉತ್ತರ ಹೇಳಬಹುದು. ಹೆಚ್ಚಿನ ಮಕ್ಕಳು ಅಲ್ಲಿಗೆ ಬರಲು ಹಾತೊರೆಯುತ್ತಾರೆ.

ಸಮಾಜ ವಿಜ್ಞಾನ ಶಿಕ್ಷಕ, ತುಮಕೂರು ಜಿಲ್ಲೆ

ಓದಲು ಬಹಳ ಸಂತೋಷವಾಯಿತು. ಆದರೆ ನನ್ನ ತರಗತಿಯಲ್ಲಿ 68 ಮಕ್ಕಳಿದ್ದಾರೆ, ಅವಧಿ 40 ನಿಮಿಷ, ಜನವರಿಯೊಳಗೆ ಪಾಠಗಳು ಮುಗಿದು ಎಸ್ಸೆಸ್ಸೆಲ್ಸಿ ಪುನರಾವರ್ತನೆ ಶುರುವಾಗಬೇಕು. ಪಕ್ಕದ ಕೊಠಡಿಗೂ ನಮಗೂ ನಡುವೆ ಇರುವುದು ಅರ್ಧಗೋಡೆ. ಹೀಗಿರುವಾಗ ಇದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನು ದಯವಿಟ್ಟು ಬಿಡಿಸಿ ಹೇಳಿ.

ಸಮಾಜ ವಿಜ್ಞಾನ ಶಿಕ್ಷಕಿ, ಬೆಳಗಾವಿ ಜಿಲ್ಲೆ

ಸರ್, ವರ್ಷಕ್ಕೆ ಎರಡೇ ಸಲ ಮಾಡುತ್ತೇನೆ, ಎಲ್ಲ ಪಾಠಕ್ಕೂ ಅಲ್ಲ. ಯಾರೋ ಒಬ್ಬರು ನಿಜವಾಗಿ ಕವಲುದಾರಿಯಲ್ಲಿ ನಿಂತ ಘಟನೆ ಇದ್ದರೆ ಮಾತ್ರ ಅದನ್ನು ಆರಿಸಿಕೊಳ್ಳುತ್ತೇನೆ. ಆಡಳಿತ ಸುಧಾರಣೆಗಳ ಪಟ್ಟಿಯನ್ನು ಪಾತ್ರ ಮಾಡಿಸಿ ಪ್ರಯೋಜನವಿಲ್ಲ. ದೊಡ್ಡ ತರಗತಿಯಲ್ಲಿ ಒಂದೊಂದು ಪಾತ್ರಕ್ಕೆ ಐದಾರು ಮಕ್ಕಳ ಗುಂಪು ಮಾಡಿ, ಗುಂಪು ತಗ್ಗಿದ ದನಿಯಲ್ಲಿ ಚರ್ಚಿಸಿ ಒಬ್ಬರನ್ನು ಮಾತನಾಡಲು ಕಳುಹಿಸಲಿ. ಚೀಟಿಯನ್ನು ಹಿಂದಿನ ದಿನವೇ ಮನೆಗೆ ಕೊಟ್ಟರೆ ಒಂದು ಅವಧಿ ಸಭೆಗೆ, ಮರುದಿನದ ಅವಧಿ ಚರ್ಚೆಗೆ ಸಾಕಾಗುತ್ತದೆ. ಎರಡನೆಯ ಅವಧಿಯನ್ನು ಮಾತ್ರ ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ. ಮೊದಲನೆಯದರಲ್ಲಿ ಮಕ್ಕಳು ಉತ್ಸಾಹದಿಂದ ಮಾತನಾಡುತ್ತಾರೆ, ಕಲಿಯುವುದು ಎರಡನೆಯದರಲ್ಲಿ.

ಇತಿಹಾಸ ಉಪನ್ಯಾಸಕ, ಕಲಬುರಗಿ ಜಿಲ್ಲೆ

ಇಲ್ಲಿ ಎಲ್ಲರೂ ಪಾತ್ರಾಭಿನಯದ ಲಾಭವನ್ನು ಪ್ರಾಮಾಣಿಕವಾಗಿ ಹೇಳುತ್ತಿದ್ದೀರಿ. ಅದರಿಂದ ಗಾಯಗೊಂಡ ಒಬ್ಬ ವಿದ್ಯಾರ್ಥಿಯ ಅನುಭವವನ್ನೂ ಈ ಚರ್ಚೆಯಲ್ಲಿ ದಾಖಲಿಸಬೇಕೆಂದು ಬರೆಯುತ್ತಿದ್ದೇನೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಸ್ಪೃಶ್ಯತೆಯ ಪಾಠವನ್ನು ಅಭಿನಯದ ಮೂಲಕ ಕಲಿಸಲು ನಮ್ಮ ಮೇಷ್ಟ್ರು ಒಂದು ಹಳ್ಳಿಯ ಬಾವಿಯ ದೃಶ್ಯವನ್ನು ಮಾಡಿಸಿದರು. ನೀರು ಕೇಳಿ ಬೈಸಿಕೊಳ್ಳುವ ಪಾತ್ರ ನನಗೆ ಬಂತು. "ನಿನಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಸಹಜವಾಗಿ ಬರುತ್ತದೆ" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ತಾರತಮ್ಯದ ನೋವು ಎಲ್ಲರಿಗೂ ತಟ್ಟಲಿ ಎಂಬುದೇ ಅವರ ಉದ್ದೇಶವಾಗಿತ್ತು ಎಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಗಂಟೆ ಹೊಡೆದ ಮೇಲೆ ಗೌಡನ ಪಾತ್ರದ ಹುಡುಗ ಪಾತ್ರ ಕಳಚಿಟ್ಟು ಆಟಕ್ಕೆ ಓಡಿದ, ನನ್ನ ಪಾತ್ರ ನನ್ನ ಮೈಮೇಲೆಯೇ ಉಳಿಯಿತು. ದೃಶ್ಯದಲ್ಲಿ ಆಡಿದ ಬೈಗುಳವನ್ನು ಉಳಿದವರು ಆ ವರ್ಷವೆಲ್ಲ ತಮಾಷೆಯಾಗಿ ಬಳಸಿದರು. ಮೂವತ್ತು ವರ್ಷಗಳಾದರೂ ಆ ತರಗತಿಯ ಕಿಟಕಿ ಯಾವ ದಿಕ್ಕಿಗಿತ್ತು ಎಂಬುದು ನನಗೆ ನೆನಪಿದೆ.

ಆದ್ದರಿಂದ ನನ್ನ ಕೋರಿಕೆ ಎರಡು. ಮಗುವಿನ ಜಾತಿ, ಧರ್ಮ, ಬಡತನ, ದೇಹದ ಸ್ಥಿತಿಗೆ ಹೊಂದುವ ಪಾತ್ರವನ್ನು ಅದೇ ಮಗುವಿಗೆ ಕೊಡಬೇಡಿ. ಹಾಗೆಂದು ಅದನ್ನು ತಲೆಕೆಳಗು ಮಾಡಿ ನಮ್ಮ ಹುಡುಗರಿಗೆ ಬೈಯುವವರ ಪಾತ್ರ ಕೊಟ್ಟರೂ ಗಾಯ ಬೇರೆ ರೂಪದಲ್ಲಿ ಆಗುತ್ತದೆ. ಎರಡನೆಯದಾಗಿ, ಅವಮಾನವನ್ನು ಮತ್ತೆ ನಡೆಸಿ ತೋರಿಸುವುದು ಇತಿಹಾಸ ಬೋಧನೆಗೆ ಬೇಕಿಲ್ಲ. ಮಹಾಡಿನ ಕೆರೆಯ ನೀರನ್ನು 1927ರ ಮಾರ್ಚ್‌ನಲ್ಲಿ ಅಂಬೇಡ್ಕರರು ಮತ್ತು ಸಾವಿರಾರು ಜನ ಮುಟ್ಟಿದ್ದು ಪಾಠವಾಗಲಿ, ಅವರ ಮೇಲೆ ಆದ ಹಲ್ಲೆಯನ್ನು ಮಕ್ಕಳ ಕೈಯಲ್ಲಿ ಮಾಡಿಸುವುದು ಬೇಡ.

ಸಮಾಜ ವಿಜ್ಞಾನ ಶಿಕ್ಷಕಿ, ಮೈಸೂರು

ಸರ್, ನೀವು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಾನೂ ಒಮ್ಮೆ ಅಂಥದೇ ಬಾವಿಯ ದೃಶ್ಯವನ್ನು ಯೋಜಿಸಿ, ಏಕೋ ಮನಸ್ಸಾಗದೆ ಕೈಬಿಟ್ಟಿದ್ದೆ. ಅದರ ಬದಲಿಗೆ ಸಂವಿಧಾನ ಸಭೆಯನ್ನು ಹಿಡಿದೆ. ಇದರಿಂದ ನಿಮ್ಮ ಎರಡನೆಯ ಮಾತಿಗೆ ಸ್ವಲ್ಪ ದಾರಿ ಸಿಗಬಹುದು.

1948ರ ನವೆಂಬರ್ 29ರಂದು ಸಭೆಯ ಮುಂದೆ ಇದ್ದದ್ದು ಕರಡಿನ 11ನೆಯ ವಿಧಿ. ಇಂದು ನಾವು ಅದನ್ನು 17ನೆಯ ವಿಧಿಯಾಗಿ ಓದುತ್ತೇವೆ. ಅಸ್ಪೃಶ್ಯತೆಯನ್ನು ರದ್ದು ಮಾಡಲಾಗಿದೆ ಎಂದು ಹೇಳುವ ಆ ವಿಧಿ ಅಸ್ಪೃಶ್ಯತೆ ಎಂದರೆ ಏನೆಂದು ವ್ಯಾಖ್ಯಾನಿಸುವುದಿಲ್ಲ. ನಜೀರುದ್ದೀನ್ ಅಹಮದ್ ಅವರು ಧರ್ಮ ಅಥವಾ ಜಾತಿಯ ಕಾರಣದಿಂದ ಎಂಬ ಮಾತು ಸೇರಬೇಕೆಂದು ತಿದ್ದುಪಡಿ ತಂದರು, ಕೆ.ಟಿ. ಶಾ ಅವರು ವ್ಯಾಖ್ಯಾನ ಇಲ್ಲದಿರುವುದನ್ನು ಎತ್ತಿ ತೋರಿಸಿದರು, ಸಭೆಯಲ್ಲಿದ್ದ ಏಕೈಕ ದಲಿತ ಮಹಿಳೆ ದಾಕ್ಷಾಯಣಿ ವೇಲಾಯುಧನ್ ಅವರೂ ಅಂದು ಮಾತನಾಡಿದರು. ತಿದ್ದುಪಡಿ ಬಿದ್ದುಹೋಗಿ ವಿಧಿ ಅಂಗೀಕಾರವಾಯಿತು. ಈ ಚರ್ಚೆಯ ಪ್ರತಿ ಮಾತೂ ಅಚ್ಚಾಗಿ ಸಾರ್ವಜನಿಕವಾಗಿ ಲಭ್ಯವಿರುವುದರಿಂದ ಪಾತ್ರದ ಚೀಟಿಯನ್ನು ಊಹೆಯಿಂದ ಬರೆಯುವ ಕಷ್ಟವಿಲ್ಲ. ಪ್ರತಿ ಸದಸ್ಯರ ಭಾಷಣದ ಸಾರವನ್ನು ಐದಾರು ಸಾಲುಗಳ ಸರಳ ಕನ್ನಡದಲ್ಲಿ ಬರೆದು ಕೊಟ್ಟೆ. ವ್ಯಾಖ್ಯಾನ ಇರಬೇಕೇ, ಬೇಡವೇ ಎಂಬುದು ಮಕ್ಕಳ ಮುಂದಿದ್ದ ಪ್ರಶ್ನೆ. ವ್ಯಾಖ್ಯಾನ ಬರೆದರೆ ಅದರಿಂದ ತಪ್ಪಿಸಿಕೊಳ್ಳುವ ದಾರಿಯನ್ನೂ ಬರೆದಂತಾಗುತ್ತದೆ ಎಂದು ಒಂದು ಗುಂಪು ವಾದಿಸಿತು; ಬರೆಯದಿದ್ದರೆ ಪೊಲೀಸರು ಯಾವುದನ್ನು ಅಪರಾಧವೆಂದು ಹಿಡಿಯಬೇಕು ಎಂದು ಇನ್ನೊಂದು ಗುಂಪು ಕೇಳಿತು. ಇಲ್ಲಿ ಯಾವ ಮಗುವೂ ಅವಮಾನಿತನ ಪಾತ್ರ ವಹಿಸಬೇಕಾಗಲಿಲ್ಲ, ಎಲ್ಲರೂ ಕಾನೂನು ಮಾಡುವವರೇ ಆಗಿದ್ದರು.

ರಂಗ ಶಿಕ್ಷಕ, ಶಿವಮೊಗ್ಗ ಜಿಲ್ಲೆ

ಉಪನ್ಯಾಸಕ ಸರ್ ಹೇಳಿದ "ಪಾತ್ರ ಮೈಮೇಲೆ ಉಳಿಯುವ" ವಿಷಯಕ್ಕೆ ರಂಗ ತರಬೇತಿಯಲ್ಲಿ ಕಲಿತದ್ದನ್ನು ಸೇರಿಸುತ್ತೇನೆ. ಪಾತ್ರಕ್ಕೆ ಹೋಗುವಷ್ಟೇ ಎಚ್ಚರದಿಂದ ಪಾತ್ರದಿಂದ ಹೊರಬರುವುದನ್ನೂ ಮಾಡಿಸಬೇಕು. ಪ್ರತಿ ಮಗುವೂ ಚೀಟಿಯನ್ನು ಮೇಜಿನ ಮೇಲೆ ಮರಳಿಸಿ, ತನ್ನ ಸ್ವಂತ ಹೆಸರು ಹೇಳಿ, "ನಾನು ಆ ಜಾಗದಲ್ಲಿದ್ದರೆ ಇದೊಂದನ್ನು ಬೇರೆ ರೀತಿ ಮಾಡುತ್ತಿದ್ದೆ" ಎಂಬ ಒಂದು ವಾಕ್ಯವನ್ನು ತನ್ನದೇ ದನಿಯಲ್ಲಿ ಹೇಳಿ ಕುಳಿತುಕೊಳ್ಳಬೇಕು. ಐದು ನಿಮಿಷ ಸಾಕು. ಜನ ಒಪ್ಪದ, ಕಠಿಣವಾದ ಪಾತ್ರವಿದ್ದರೆ ಅದನ್ನು ಶಿಕ್ಷಕರೇ ವಹಿಸುವುದು ಮೇಲು. ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ಶಿಕ್ಷಕರೇ ಪಾತ್ರವಾಗಿ ತರಗತಿಗೆ ಇಳಿಯುವ ಈ ಕ್ರಮವನ್ನು ಜೀವನಪೂರ್ತಿ ಬೆಳೆಸಿದವರು. ನಾನು ಅಮಲ್ದಾರನಾದರೆ (ಅಂದಿನ ತಾಲ್ಲೂಕು ಅಧಿಕಾರಿ) ಇಡೀ ತರಗತಿ ನನ್ನ ಎದುರು ಒಂದಾಗುತ್ತದೆ, ಯಾವ ಮಗುವಿನ ಮೇಲೂ ಸಿಟ್ಟು ಉಳಿಯುವುದಿಲ್ಲ.

ಅಮಲ್ದಾರ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಜಿಲ್ಲೆಯ ಈಸೂರಿನ ಜನ 1942ರಲ್ಲಿ ತಮ್ಮದೇ ಸರ್ಕಾರ ಕಟ್ಟಿಕೊಂಡಾಗ ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ್ದರು. ನಮ್ಮ ಮಕ್ಕಳು ಅದನ್ನು ಮಾಡುವಾಗ ತಮ್ಮ ವಯಸ್ಸಿನವರ ಕೈಗೆ ಊರು ಅಧಿಕಾರ ಕೊಟ್ಟದ್ದೇಕೆ, ಬಂಧನಕ್ಕೆ ಅಂಜಿ ಹಿರಿಯರು ಹೂಡಿದ ಉಪಾಯವೇ ಅದು, ಮಕ್ಕಳ ಮೇಲಿನ ನಂಬಿಕೆಯೇ ಎಂದು ಗಂಭೀರವಾಗಿ ಯೋಚಿಸುತ್ತಾರೆ. ಆದರೆ ಅಧಿಕಾರಿಗಳಿಬ್ಬರು ಹತರಾದ ದಿನಕ್ಕೆ ನಾನು ಪಾತ್ರಾಭಿನಯವನ್ನು ಒಯ್ಯುವುದಿಲ್ಲ. ಅಲ್ಲಿಂದಾಚೆಗೆ, 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದವರೆಗಿನ ಕಥೆಯನ್ನು ಕುಳಿತು ಓದುತ್ತೇವೆ.

ಸಮಾಜ ವಿಜ್ಞಾನ ಶಿಕ್ಷಕಿ, ಬೆಳಗಾವಿ ಜಿಲ್ಲೆ

ಎಲ್ಲರಿಗೂ ನಾನು ಋಣಿ. ಕಲಬುರಗಿಯ ಸರ್ ಅವರ ಮಾತಿನಿಂದ ನನ್ನ ಮುಂದಿನ ಯೋಜನೆಯೇ ಬದಲಾಯಿತು, ಅದನ್ನು ಇಲ್ಲಿ ತಿಳಿಸಬೇಕು.

ಈ ಸಲ ಹಲಗಲಿಯನ್ನು ನಮ್ಮ ಕನ್ನಡ ಮೇಡಂ ಮತ್ತು ನಾನು ಒಟ್ಟಿಗೆ ಮಾಡಲಿದ್ದೇವೆ. ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ 1857ರ ಕಾಯ್ದೆಯ ವಿರುದ್ಧ ಬೇಡರು ಎದ್ದ ಕಥೆ ಕನ್ನಡ ಪುಸ್ತಕದಲ್ಲಿ ಲಾವಣಿಯಾಗಿ, ನನ್ನ ಪುಸ್ತಕದಲ್ಲಿ ಒಂದು ಪ್ಯಾರಾ ಆಗಿ ಇದೆ. ಒಂದೇ ಘಟನೆ ಎರಡು ಕೊಠಡಿಗಳಲ್ಲಿ ಎರಡು ದನಿಯಲ್ಲಿ ನಡೆಯುತ್ತಿದೆ ಎಂಬುದನ್ನು ನಾವಿಬ್ಬರೂ ಈವರೆಗೆ ಗಮನಿಸಿರಲಿಲ್ಲ. ಊರಿನ ಮೇಲೆ ಪಡೆ ಬಿದ್ದ ರಾತ್ರಿಯನ್ನು ಮಾಡಿಸಬೇಕೆಂದುಕೊಂಡಿದ್ದೆ, ಅದನ್ನು ಬಿಟ್ಟಿದ್ದೇನೆ. ನಮ್ಮ ತರಗತಿಯಲ್ಲಿ ಅದೇ ಸಮುದಾಯದ ಮಕ್ಕಳು ಏಳೆಂಟು ಜನ ಇದ್ದಾರೆ. ಬದಲಿಗೆ ಹತಾರ ಕೊಡಿರೆಂಬ ಹುಕುಂ ಊರಿಗೆ ಬಂದ ದಿನದ ಸಭೆಯನ್ನು ಆರಿಸಿದ್ದೇವೆ. ಬೇಟೆಯಿಂದ ಬದುಕುವವನಿಗೆ ಕತ್ತಿ, ಬಂದೂಕು ಎಂದರೆ ಏನು, ಅದನ್ನು ಕೊಟ್ಟು ಬಂದ ಮರುದಿನ ಒಲೆ ಹೇಗೆ ಹೊತ್ತಬೇಕು ಎಂಬುದು ಅಲ್ಲಿ ಚರ್ಚೆಯಾಗಲಿ. ಲಾವಣಿಯಲ್ಲಿ ಹೊಡೆತ ತಿನ್ನುವ ಕಾರಕೂನನ ಪಾತ್ರ ನನ್ನದು. ಸರ್ಕಾರಿ ಹುಕುಂ ಓದಿ ಹೇಳುವ, ಮೇಲಿನವರಿಗೆ ಹೆದರುವ ಆ ಮನುಷ್ಯ ಮನೆಗೆ ಹೋಗಿ ಏನು ಹೇಳಿಕೊಂಡಿರಬಹುದೆಂದು ಕನ್ನಡ ಮೇಡಂ ಮಕ್ಕಳಿಂದ ಒಂದು ಪುಟ ಬರೆಸುತ್ತಾರೆ.

ತಾಳಮದ್ದಳೆಯ ಕ್ರಮವನ್ನೂ ತೆಗೆದುಕೊಳ್ಳುತ್ತಿದ್ದೇವೆ, ಸರ್. ಲಾವಣಿಯ ಒಂದು ನುಡಿ ಹಾಡಿದ ಮೇಲೆಯೇ ಆ ನುಡಿಯ ಮಾತು ಶುರುವಾಗುತ್ತದೆ. ಹಾಡಲು ನಮ್ಮ ಊರಿನ ಹಿರಿಯರೊಬ್ಬರನ್ನು ಕೇಳಿಕೊಂಡಿದ್ದೆ; ಬರುವ ಶನಿವಾರ ಬೆಳಗಿನ ಶಾಲೆಗೆ ತಮ್ಮ ಡಪ್ಪು ತೆಗೆದುಕೊಂಡೇ ಬರುತ್ತೇನೆ ಎಂದಿದ್ದಾರೆ. ಹೆಡ್‌ಮಾಸ್ತರರು ಎರಡು ಅವಧಿ ಒಟ್ಟಿಗೆ ಕೊಟ್ಟಿದ್ದಾರೆ. ಚೀಟಿಗಳು ಇಂದು ರಾತ್ರಿ ಸಿದ್ಧವಾಗುತ್ತವೆ, ಬೇಕಾದವರಿಗೆ ಕಳುಹಿಸುತ್ತೇನೆ.